ಇದು ಯಾರ ಮನೆಯ ಹಬ್ಬ?

‘ನನ್ನ ಮೆಚ್ಚಿನ ಹಬ್ಬ’ ಎಂಬ ಪ್ರಬಂಧಗಳನ್ನು ತಿದ್ದುವಾಗಲೆಲ್ಲ ನನಗೊಂದು ಬೇಸರ. ತರಗತಿಯ ಹೆಚ್ಚಿನವರು ಬರೆಯುವುದು ದೀಪಾವಳಿಯನ್ನು. ಅದೂ ಗೈಡಿನೊಳಗಿನ ದೀಪಾವಳಿಯನ್ನು. ಎಲ್ಲರ ಮನೆಯಲ್ಲೂ ಒಂದೇ ಆಕಾಶಬುಟ್ಟಿ, ಒಂದೇ ಚಕ್ಕುಲಿ! ಇದೇ ಮಕ್ಕಳು ಎಳ್ಳಮಾಸಿಯ ದಿನ ಶಾಲೆಗೆ ಬರುವುದಿಲ್ಲ. ಮರುದಿನ ಕೇಳಿದರೆ ತಲೆ ತಗ್ಗಿಸಿ, “ಹೊಲಕ್ಕ ಹೋಗಿದ್ವಿರಿ ಸರ್” ಎನ್ನುತ್ತಾರೆ.

ಅವರನ್ನು ನಾನು ಬೈಯಲಾರೆ. ಆ ತಪ್ಪನ್ನು ಮೊದಲು ಮಾಡಿದವನು ನಾನೇ.

ನನ್ನೂರು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಎಳ್ಳಮಾಸಿ ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುತ್ತದೆ. ಹಿಂಗಾರಿಯ ಬಿಳಿಜೋಳ ತೆನೆ ಬಿಟ್ಟು ನಿಂತಿರುತ್ತದೆ. ಕಡಲೆ ಎಲೆ ಮುಟ್ಟಿದರೆ ಬೆರಳಿಗೆ ಹುಳಿ ಹತ್ತುತ್ತದೆ. ಹಿಂದಿನ ರಾತ್ರಿ ಅವ್ವ, ದೊಡ್ಡವ್ವ ಕಣ್ಣು ಮುಚ್ಚುತ್ತಿರಲಿಲ್ಲ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹಸಿಕಾಳಿನ ಭಜ್ಜಿ, ಪುಂಡಿಪಲ್ಯ, ಗಡಿಗೆ ತುಂಬ ಅಂಬಲಿ. ಬೆಳಗಾದರೆ ಬುಟ್ಟಿಗಳ ಸಮೇತ ಎಲ್ಲರೂ ಎತ್ತಿನ ಗಾಡಿಯಲ್ಲಿ. ಹೊಲದಲ್ಲಿ ಕಣಿಕೆಯ ಸೂಡುಗಳಿಂದ ಪುಟ್ಟ ಗುಡಿಸಲು ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಅಪ್ಪ ಚರಗ ಚೆಲ್ಲಲು ಹೊರಡುತ್ತಿದ್ದರು. ಅವರು ಮುಂದೆ ಅಡಿಗೆಯ ತುತ್ತು ಎರಚುತ್ತ ಹೋದರೆ, ನಾನು ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ನಾಲ್ಕೂ ಬದು ಸುತ್ತುತ್ತಿದ್ದೆ. “ಭೂಮಿತಾಯಿ ಬಸುರಿ ಇದ್ದಾಳ. ಮೊದಲು ಆಕಿ ಉಣ್ಣಲಿ, ಆಮ್ಯಾಲೆ ನಾವು” ಎನ್ನುತ್ತಿದ್ದರು ಅಪ್ಪ.

ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ನಾನು ಮುಂದೆ ಮರಾಠಿ ಶಾಲೆ ಸೇರಿದೆ. ಅಲ್ಲಿ ಹಬ್ಬದ ಪ್ರಬಂಧ ಬರೆಯಲು ಹೇಳಿದಾಗ, ಚರಗಕ್ಕೆ ಮರಾಠಿಯಲ್ಲಿ ಏನೆನ್ನಬೇಕೋ ತಿಳಿಯಲಿಲ್ಲ. ನಗುತ್ತಾರೆಂಬ ಅಂಜಿಕೆ ಬೇರೆ. ಪುಸ್ತಕದ ದೀಪಾವಳಿಯನ್ನೇ ಇಳಿಸಿದೆ. ಒಳ್ಳೆಯ ಗುಣಗಳೂ ಬಂದವು. ಮನೆಯಲ್ಲಿ ಹಿಗ್ಗಿನಿಂದ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ಅಪ್ಪ ಪೂರ್ತಿ ಕೇಳಿ, “ಚಲೋ ಬರ್ದಿ. ಆದರ ಇದು ಯಾರ ಮನಿ ಹಬ್ಬಪ್ಪಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಅಂಜಿಕೆಗೆ ಕಾರಣವೇ ಇರಲಿಲ್ಲವೆಂದು ಮುಂದೆ ತಿಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಲಬುರಗಿ, ವಿಜಯಪುರಗಳು ಆಚೆ ಹೋದವು, ಅಕ್ಕಲಕೋಟ ಈಚೆ ಉಳಿಯಿತು. ಹಬ್ಬ ಮಾತ್ರ ಎರಡೂ ಕಡೆ ನಿಂತಿತು. ಲಾತೂರ, ಧಾರಾಶಿವ ಕಡೆಯ ಮರಾಠಿ ರೈತರೂ ಅಂದು ಹೊಲದಲ್ಲೇ ಉಣ್ಣುತ್ತಾರೆ. ಆಡುಮಾತಿನಲ್ಲಿ ಹಬ್ಬವನ್ನು ‘ಯೇಳವಸ’ ಎನ್ನುತ್ತಾರೆ. ಕಿವಿಗೊಟ್ಟರೆ ಅದರಲ್ಲಿ ನಮ್ಮ ಎಳ್ಳಮಾಸಿಯೇ ಕೇಳಿಸುತ್ತದೆ. ನಾನು ನಾಚಿ ಮುಚ್ಚಿಟ್ಟ ಮಾತನ್ನು ನೆರೆಯವರು ಎಂದೋ ತಮ್ಮದಾಗಿ ಮಾಡಿಕೊಂಡಿದ್ದರು!

ಆದ್ದರಿಂದ ಮಕ್ಕಳೇ, ಮರಾಠಿಯನ್ನು ಚೆನ್ನಾಗಿ ಕಲಿಯಿರಿ. ನನಗೂ ಅದರಿಂದ ಲಾಭವೇ ಆಗಿದೆ. ಆದರೆ ಯಾವ ಭಾಷೆಯಲ್ಲಿ ಬರೆದರೂ ನೀವು ಕಂಡದ್ದನ್ನು, ಉಂಡದ್ದನ್ನು ಬರೆಯಿರಿ. ಚರಗಕ್ಕೆ ಬೇರೆ ಶಬ್ದ ಸಿಗದಿದ್ದರೆ ಚರಗವೆಂದೇ ಬರೆದು, ಅದೇನೆಂದು ಎರಡು ವಾಕ್ಯಗಳಲ್ಲಿ ತಿಳಿಸಿರಿ. ಪಾಲಕರಲ್ಲಿ ನನ್ನ ವಿನಂತಿ: ಗೈಡು ಕೊಡಿಸುವ ಮುನ್ನ ಮಗುವಿನ ಕೈಗೆ ತಂಬಿಗೆ ಕೊಟ್ಟು ಬದು ಸುತ್ತಿಸಿರಿ. ಹೊಲವಿಲ್ಲದವರು ನೆರೆಯವರ ಹೊಲಕ್ಕೆ ಕರೆದೊಯ್ಯಿರಿ. ಅಂದು ಬಂದವರನ್ನು ಉಣ್ಣಿಸದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಶಿಕ್ಷಕರಾದ ನಾವೂ ಅಂಥ ಪ್ರಬಂಧಕ್ಕೆ, ಕಾಗುಣಿತ ತಪ್ಪಿದ್ದರೂ, ಒಂದು ಗುಣ ಹೆಚ್ಚೇ ಕೊಡೋಣ.

ಅಪ್ಪ ಈಗಿಲ್ಲ. ಅವರ ಪ್ರಶ್ನೆ ಮಾತ್ರ ನನ್ನ ಬಳಿ ಉಳಿದಿದೆ. ಬರುವ ಎಳ್ಳಮಾಸಿಯ ಮರುದಿನ ತಲೆ ತಗ್ಗಿಸದೆ ಬನ್ನಿರಿ. ನಿಮ್ಮ ವಹಿಗಳಿಗಾಗಿ ನಾನು ಕಾಯುತ್ತಿರುತ್ತೇನೆ.