ವಿಶ್ವವಿದ್ಯಾನಿಲಯ ಮತ್ತು ನೆರೆಯ ಪಾಠಶಾಲೆ

ವಿಶ್ವವಿದ್ಯಾನಿಲಯದ ಕರ್ತವ್ಯಗಳನ್ನು ಹೇಳುವಾಗ ಬೋಧನೆ, ಸಂಶೋಧನೆ, ಜ್ಞಾನಪ್ರಸಾರ ಎಂದು ಮೂರನ್ನು ಎಣಿಸುವುದು ವಾಡಿಕೆ. ಮೊದಲಿನ ಎರಡಕ್ಕೆ ಕಟ್ಟಡಗಳಿವೆ, ಹುದ್ದೆಗಳಿವೆ, ಹಣವಿದೆ. ಮೂರನೆಯದಕ್ಕೆ ಸಾಮಾನ್ಯವಾಗಿ ದೊರೆಯುವುದು ವಾರ್ಷಿಕ ವರದಿಯಲ್ಲಿ ಒಂದು ಪುಟ. ಪ್ರಾಧ್ಯಾಪಕರೊಬ್ಬರು ಪಾಠಶಾಲೆಯೊಂದಕ್ಕೆ ಹೋಗಿ ಉಪನ್ಯಾಸ ಮಾಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಾರ ಹಾಕಿಸಿಕೊಂಡು ಅವರು ಹಿಂದಿರುಗುತ್ತಾರೆ. ಇದರಿಂದ ಕೆಡುಕೇನೂ ಇಲ್ಲ. ಆದರೆ ನಗರದ ಬಡಕೇರಿಗಳ ಮಕ್ಕಳು ವಿದ್ಯೆಯಲ್ಲಿ ಹಿಂದೆ ಬೀಳುವುದು ಉಪನ್ಯಾಸಗಳ ಅಭಾವದಿಂದಲ್ಲ. ವಿಶ್ವವಿದ್ಯಾನಿಲಯವು ತನ್ನ ನೆರೆಯ ಒಂದೆರಡು ಪಾಠಶಾಲೆಗಳನ್ನು ಆರಿಸಿಕೊಂಡು, ಅಲ್ಲಿ ವರ್ಷಾನುಗಟ್ಟಲೆ ನಿಂತು, ತಂದೆತಾಯಿಗಳನ್ನೂ ಪಾಲುಗಾರರನ್ನಾಗಿ ಮಾಡಿಕೊಂಡು ದುಡಿಯಬೇಕು, ಆ ದುಡಿಮೆಯ ಫಲವನ್ನು ಅಳೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಇದು ಬರಿಯ ಹಾರೈಕೆಯಲ್ಲ. ಇದನ್ನು ಮಾಡಿ ನೋಡಿದವರಿದ್ದಾರೆ. ಅವರ ಅನುಭವವನ್ನು ವಾಚಕರ ಮುಂದಿಡುತ್ತೇವೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವ ಭಾಗದಲ್ಲಿರುವ ಕನೆಕ್ಟಿಕಟ್ ಸಂಸ್ಥಾನದಲ್ಲಿ ನ್ಯೂ ಹೇವನ್ ಎಂಬ ನಗರವಿದೆ. 1701ರಲ್ಲಿ ಸ್ಥಾಪಿತವಾದ ಯೇಲ್ ವಿಶ್ವವಿದ್ಯಾನಿಲಯವು 1716ರಿಂದ ನೆಲೆಸಿರುವುದು ಇಲ್ಲಿಯೇ. ವಿದ್ವತ್ತಿಗೂ ಸಂಪತ್ತಿಗೂ ಹೆಸರಾದ ಆ ಸಂಸ್ಥೆಯಿಂದ ಅನತಿ ದೂರದಲ್ಲಿಯೇ ಕಡು ಬಡವರ ಬೀದಿಗಳಿದ್ದವು. 1968ರಲ್ಲಿ ಯೇಲ್‌ನ ಶಿಶು ಅಧ್ಯಯನ ಕೇಂದ್ರವು ನಗರದ ಶಿಕ್ಷಣಾಧಿಕಾರಿಗಳೊಡನೆ ಸೇರಿ ಅಂತಹ ಎರಡು ಪ್ರಾಥಮಿಕ ಪಾಠಶಾಲೆಗಳಲ್ಲಿ ಒಂದು ಪ್ರಯೋಗವನ್ನು ಆರಂಭಿಸಿತು. ಅಲ್ಲಿಯ ಮಕ್ಕಳು ಬಹುತೇಕ ಎಲ್ಲರೂ ಆಫ್ರಿಕನ್-ಅಮೆರಿಕನ್ನರು. ಅವರ ಕುಟುಂಬಗಳಲ್ಲಿ ಬಹುಪಾಲು ಸರ್ಕಾರದ ನೆರವಿನಿಂದ ಜೀವಿಸುತ್ತಿದ್ದವು. ನಾಲ್ಕನೆಯ ತರಗತಿಗೆ ಬರುವ ವೇಳೆಗೆ ಮಕ್ಕಳು ಭಾಷೆ, ಗಣಿತ ಎರಡರಲ್ಲಿಯೂ ಸುಮಾರು ಒಂದೂವರೆ ವರ್ಷದಷ್ಟು ಹಿಂದೆ ಬಿದ್ದಿರುತ್ತಿದ್ದರು. ಹಾಜರಿ ಕಡಮೆ, ಜಗಳ, ಗದ್ದಲಗಳು ನಿತ್ಯದ ಸಂಗತಿಗಳು.

ಪ್ರಯೋಗದ ಮುಂದಾಳು ಜೇಮ್ಸ್ ಕೋಮರ್ ಎಂಬ ಮನೋವೈದ್ಯರು. 1934ರಲ್ಲಿ ಇಂಡಿಯಾನಾ ಸಂಸ್ಥಾನದ ಈಸ್ಟ್ ಚಿಕಾಗೊದಲ್ಲಿ ಹುಟ್ಟಿದ ಇವರ ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕ. ತಾಯಿ ಇತರರ ಮನೆಗೆಲಸ ಮಾಡಿದವಳು, ಹೆಚ್ಚಿನ ವಿದ್ಯೆ ಪಡೆಯುವ ಅವಕಾಶವಿಲ್ಲದವಳು. ಆದರೂ ಆಕೆಯ ಐವರು ಮಕ್ಕಳೂ ಕಾಲೇಜಿನ ಮೆಟ್ಟಿಲನ್ನೇರಿದರು. ಕೋಮರರ ಜೊತೆಯಲ್ಲಿಯೇ ಪಾಠಶಾಲೆಗೆ ಹೋದ, ಬುದ್ಧಿಯಲ್ಲಿ ಅವರಿಗೆ ಸಮಾನರಾಗಿದ್ದ ಮೂವರು ಗೆಳೆಯರ ಗತಿ ಬೇರೆಯಾಯಿತು. ಒಬ್ಬನು ಕುಡಿತಕ್ಕೆ ಬಲಿಯಾದನು. ಒಬ್ಬನು ಬಹುಕಾಲ ಸೆರೆಮನೆಯಲ್ಲಿ ಕಳೆದನು. ಇನ್ನೊಬ್ಬನು ಮಾನಸಿಕ ಚಿಕಿತ್ಸಾಲಯಗಳಿಗೆ ಅಲೆದನು. ಒಂದೇ ಬೀದಿ, ಒಂದೇ ಪಾಠಶಾಲೆ, ಒಂದೇ ಬಗೆಯ ಬಡತನ. ಫಲ ಮಾತ್ರ ಬೇರೆ. ಇದೇಕೆ ಹೀಗಾಯಿತು ಎಂಬ ಪ್ರಶ್ನೆಯೇ ಅವರ ಜೀವಮಾನದ ಸಂಶೋಧನೆಯಾಯಿತು. ಮನೆ ಮತ್ತು ಪಾಠಶಾಲೆಗಳ ನಡುವಣ ಸಂಬಂಧದಲ್ಲಿ ಉತ್ತರವನ್ನು ಹುಡುಕಬೇಕೆಂದು ಅವರಿಗೆ ತೋರಿತು.

ಕೋಮರರ ತಂಡದಲ್ಲಿ ಅವರಲ್ಲದೆ ಒಬ್ಬ ಸಮಾಜ ಕಾರ್ಯಕರ್ತರು, ಒಬ್ಬ ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಣದಲ್ಲಿ ಪರಿಣತರಾದ ಒಬ್ಬ ಉಪಾಧ್ಯಾಯರು ಇದ್ದರು. ಮೊದಲ ವರ್ಷ ಸುಗಮವಾಗಿ ಕಳೆಯಲಿಲ್ಲ. ಉಪಾಧ್ಯಾಯರಿಗೆ ಸಂದೇಹ, ತಂದೆತಾಯಿಗಳಿಗೆ ಕೋಪ. ಬಂದವರು ಸಿದ್ಧ ಪರಿಹಾರವನ್ನು ಹೇರದೆ, ನಡೆಯುತ್ತಿರುವುದನ್ನು ನೋಡುತ್ತ, ಕೇಳುತ್ತ ಅಲ್ಲಿಯೇ ಉಳಿದರು. ಅವರು ಕಂಡುದು ಏನೆಂಬುದನ್ನು ಕೋಮರರೇ ಬರೆದಿರುವ ಒಂದು ಪ್ರಸಂಗದಿಂದ ತಿಳಿಯಬಹುದು.

ದಕ್ಷಿಣದ ಹಳ್ಳಿಗಾಡಿನಿಂದ ಎಂಟು ವರ್ಷದ ಹುಡುಗನೊಬ್ಬನು ನ್ಯೂ ಹೇವನ್ನಿಗೆ ಬಂದನು. ಊರಿನಲ್ಲಿ ಚೆನ್ನಾಗಿಯೇ ಓದುತ್ತಿದ್ದ ಹುಡುಗ. ಆದರೆ ಆ ವಾರದಲ್ಲಿ ಅದೇ ತರಗತಿಗೆ ಆಗಲೇ ಹಲವು ಹೊಸ ಮಕ್ಕಳು ಸೇರಿದ್ದರು. ಇನ್ನೊಬ್ಬನನ್ನು ಕಂಡೊಡನೆ ಉಪಾಧ್ಯಾಯಿನಿಯ ಮುಖದಲ್ಲಿ ಬೇಸರ ಮೂಡಿತು. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ; ಮಗುವಿಗೆ ಅಷ್ಟೇ ಸಾಕಾಯಿತು. ದಿಗಿಲುಗೊಂಡ ಹುಡುಗ ಅವರ ಕಾಲಿಗೆ ಒದ್ದು ಹೊರಗೆ ಓಡಿದನು. ಸಾಮಾನ್ಯ ಕ್ರಮದಲ್ಲಿ ಮುಂದೇನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮುಖ್ಯೋಪಾಧ್ಯಾಯರಿಂದ ಶಿಕ್ಷೆ, ತರಗತಿಯಲ್ಲಿ ಯಾರದೋ ನಗೆ, ಅದಕ್ಕೊಂದು ಹೊಡೆದಾಟ, ಮತ್ತೆ ಶಿಕ್ಷೆ, ಕೊನೆಗೆ ದುಷ್ಟನೆಂಬ ಹಣೆಪಟ್ಟಿ. ಇಲ್ಲಿ ಹಾಗಾಗಲಿಲ್ಲ. ತನ್ನವರೆಲ್ಲರನ್ನೂ ಬಿಟ್ಟು ಅಪರಿಚಿತರ ನಡುವೆ ಬಂದು ನಿಂತ ಮಗುವಿನ ಮನಸ್ಸು ಹೇಗಿರುತ್ತದೆಂಬುದನ್ನು ತಂಡದವರು ಉಪಾಧ್ಯಾಯರೊಡನೆ ಕುಳಿತು ವಿಚಾರಿಸಿದರು. ಹೊಸದಾಗಿ ಸೇರುವ ಮಗುವನ್ನು ಸ್ವಾಗತಿಸಿ ಪರಿಚಯ ಮಾಡಿಕೊಡುವ ಏರ್ಪಾಟು ಅಲ್ಲಿಂದ ಹುಟ್ಟಿತು. ಇದಕ್ಕೆ ಖರ್ಚಾದ ಹಣ ಎಷ್ಟೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಇದರ ಹಿಂದಿರುವ ವಿಜ್ಞಾನ ಸರಳವಾದುದು. ಮಗುವಿನ ಬೆಳವಣಿಗೆಯು ದೇಹ, ಬುದ್ಧಿ, ಮನಸ್ಸು, ಭಾಷೆ, ಸಾಮಾಜಿಕ ನಡವಳಿಕೆ, ನೀತಿ ಎಂಬ ಆರು ದಾರಿಗಳಲ್ಲಿ ಒಟ್ಟಿಗೆ ಸಾಗುತ್ತದೆಂದು ಕೋಮರರು ನಿರೂಪಿಸಿದರು. ಪಾಠಶಾಲೆ ನೋಡುವುದು ಬುದ್ಧಿಯೊಂದನ್ನೇ. ಆದರೆ ತನ್ನನ್ನು ಅಕ್ಕರೆಯಿಂದ ಕಾಣುವ ಹಿರಿಯರ ಮೂಲಕವೇ ಮಗು ಲೋಕವನ್ನು ಕಲಿಯುತ್ತದೆ. ಭಯಗೊಂಡ ಮನಸ್ಸಿಗೆ ಲೆಕ್ಕ ಹತ್ತುವುದಿಲ್ಲ. ಮನೆಯವರು ಪಾಠಶಾಲೆಯನ್ನು ಪರಕೀಯವೆಂದು ತಿಳಿದರೆ ಮಗುವೂ ಹಾಗೆಯೇ ತಿಳಿಯುತ್ತದೆ.

ಆದುದರಿಂದ ಪಾಠಶಾಲೆಯ ಆಡಳಿತವನ್ನೇ ತಂಡದವರು ಹೊಸದಾಗಿ ಕಟ್ಟಿದರು. ಮುಖ್ಯೋಪಾಧ್ಯಾಯರ ನೇತೃತ್ವದಲ್ಲಿ ಹನ್ನೆರಡು ಹದಿನಾಲ್ಕು ಜನರ ಸಮಿತಿ. ಅದರಲ್ಲಿ ಉಪಾಧ್ಯಾಯರ ಪ್ರತಿನಿಧಿಗಳು, ತಂದೆತಾಯಿಗಳ ಪ್ರತಿನಿಧಿಗಳು, ಮಾನಸಿಕ ಆರೋಗ್ಯವನ್ನು ಬಲ್ಲ ಒಬ್ಬರು, ಇತರ ಸಿಬ್ಬಂದಿಯಿಂದ ಒಬ್ಬರು. ಸಮಿತಿಗೆ ಮೂರು ನಿಯಮಗಳು. ತಪ್ಪು ಯಾರದೆಂದು ಹುಡುಕದೆ ಪರಿಹಾರವೇನೆಂದು ಹುಡುಕತಕ್ಕುದು. ಮತ ಎಣಿಸದೆ ಒಮ್ಮತದಿಂದ ತೀರ್ಮಾನಿಸತಕ್ಕುದು. ಸಮಿತಿಯು ಮುಖ್ಯೋಪಾಧ್ಯಾಯರ ಅಧಿಕಾರವನ್ನು ಮನ್ನಿಸತಕ್ಕುದು, ಅವರು ಸಮಿತಿಯ ಮಾತನ್ನು ಮೀರಿ ನಡೆಯತಕ್ಕುದಲ್ಲ.

ತಂದೆತಾಯಿಗಳಿಗೆ ದೊರೆತ ಸ್ಥಾನ ಗಮನಾರ್ಹವಾದುದು. ಕೆಲವರು ಸಮಿತಿಯಲ್ಲಿ ಕುಳಿತರು. ಕೆಲವರು ಅಲ್ಪ ವೇತನದ ಮೇಲೆ ತರಗತಿಗಳಲ್ಲಿ ಉಪಾಧ್ಯಾಯರಿಗೆ ಸಹಾಯಕರಾದರು. ಉಳಿದವರು ಸಹಭೋಜನ, ಪುಸ್ತಕ ಸಂತೆ, ಮಕ್ಕಳ ಸಮಾರಂಭಗಳಿಗೆ ಬರತೊಡಗಿದರು. ಮಗುವಿನ ಮೇಲೆ ದೂರು ಬಂದಾಗ ಮಾತ್ರ ಪಾಠಶಾಲೆಯ ಬಾಗಿಲನ್ನು ಕಾಣುತ್ತಿದ್ದವರಿಗೆ ಬೇರೆ ಕಾರಣಗಳು ಒದಗಿದವು.

ಫಲವೇನಾಯಿತು? 1979ರ ವೇಳೆಗೆ ನಾಲ್ಕನೆಯ ತರಗತಿಯ ಮಕ್ಕಳು ತಮ್ಮ ತರಗತಿಗೆ ತಕ್ಕ ಮಟ್ಟವನ್ನು ಮುಟ್ಟಿದರು. ಮೊದಲಿನ ಎರಡು ಪಾಠಶಾಲೆಗಳಲ್ಲಿ ಒಂದರ ಬದಲು ನಡುವೆ ಮತ್ತೊಂದು ಸೇರಿತ್ತು. 1984ರಲ್ಲಿ ಪ್ರಯೋಗದಲ್ಲಿದ್ದ ಎರಡು ಪಾಠಶಾಲೆಗಳ ನಾಲ್ಕನೆಯ ತರಗತಿಗಳು ನಗರದಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನು ಪಡೆದುವು. ಮನೆಗಳ ಬಡತನ ಮಾತ್ರ ಹಿಂದಿನಂತೆಯೇ ಇತ್ತು. ಬಡತನವಿರುವವರೆಗೆ ಏನನ್ನೂ ಮಾಡಲಾಗದೆಂದು ಕೈಚೆಲ್ಲುವವರಿಗೆ ಇದೊಂದು ಉತ್ತರ. ಬಡತನವನ್ನು ನೀಗುವ ಹೊಣೆ ಇದರಿಂದ ಕಡಮೆಯಾಗುವುದಿಲ್ಲ. ಅದು ನೀಗುವವರೆಗೆ ಕಾಯಬೇಕಾಗಿಲ್ಲವೆಂಬುದಷ್ಟೇ ಇಲ್ಲಿ ಸಿದ್ಧವಾಗುವುದು.

ಎರಡು ಪಾಠಶಾಲೆಗಳ ಯಶಸ್ಸಿನಿಂದ ನಿಯಮವನ್ನು ಹೊರಡಿಸಲಾಗದೆಂಬ ಆಕ್ಷೇಪಣೆ ನ್ಯಾಯವಾದುದು. ಈ ಪದ್ಧತಿ ಅಮೆರಿಕದ ನೂರಾರು ಪಾಠಶಾಲೆಗಳಿಗೆ ಹರಡಿದ ಮೇಲೆ ಥಾಮಸ್ ಕುಕ್ ಎಂಬ ಸಮಾಜವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ಮೇರಿಲೆಂಡಿನ ಪ್ರಿನ್ಸ್ ಜಾರ್ಜಸ್ ಜಿಲ್ಲೆಯ ಪಾಠಶಾಲೆಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಪರಿಣಾಮವೇನೂ ಕಾಣಲಿಲ್ಲವೆಂದು 1999ರಲ್ಲಿ ಪ್ರಕಟವಾಯಿತು. ಷಿಕಾಗೊ ನಗರದಲ್ಲಿ ನಡವಳಿಕೆ, ಕಲಿಕೆ ಎರಡೂ ಸ್ವಲ್ಪಮಟ್ಟಿಗೆ ಸುಧಾರಿಸಿದುವೆಂದು 2000ದಲ್ಲಿ ಪ್ರಕಟವಾಯಿತು. 2003ರಲ್ಲಿ ಜೆಫ್ರಿ ಬೋರ್ಮನ್ ಮತ್ತು ಸಂಗಡಿಗರು 29 ಬಗೆಯ ಸುಧಾರಣಾ ಪದ್ಧತಿಗಳನ್ನು ತೂಗಿ ನೋಡಿ, ಬಲವಾದ ಆಧಾರವುಳ್ಳ ಮೂರರಲ್ಲಿ ಇದೂ ಒಂದೆಂದರು. ಮೇರಿಲೆಂಡಿನಲ್ಲಿ ಹೆಸರಿಗೆ ಪದ್ಧತಿಯನ್ನು ಸ್ವೀಕರಿಸಿದ್ದ ಪಾಠಶಾಲೆಗಳಿಗೂ ಸ್ವೀಕರಿಸದಿದ್ದ ಪಾಠಶಾಲೆಗಳಿಗೂ ಆಚರಣೆಯಲ್ಲಿ ಅಂತರ ಅಲ್ಪವಾಗಿತ್ತು. ಹೆಸರು ಎಲ್ಲಿಗೆ ಬೇಕಾದರೂ ಬೇಗ ಹೋಗುತ್ತದೆ. ತಾಳ್ಮೆಯಿಂದ ನಿಂತು ದುಡಿಯುವ ಜನ ಅಷ್ಟು ಬೇಗ ಹೋಗಲಾರರು.

ಇನ್ನು ನಮ್ಮ ನಾಡಿನ ಮಾತು. ಸಮಿತಿಗಳು ನಮ್ಮಲ್ಲಿಲ್ಲವೆಂದಲ್ಲ. ಭೌತವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದುವು. ಇಂತಹ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿತು. ನ್ಯೂ ಹೇವನ್ನಿನಲ್ಲಿ ಪ್ರಯೋಗವಾಗಿದ್ದುದು ನಮ್ಮಲ್ಲಿ ಶಾಸನವೇ ಆಗಿದೆ. ಆದರೆ ಕಾಯಿದೆಯು ತಾಯಿಗೆ ಕುರ್ಚಿಯನ್ನು ಕೊಡಬಲ್ಲುದು. ಆ ಕುರ್ಚಿಯಲ್ಲಿ ಕುಳಿತು ಅಳುಕದೆ ಮಾತನಾಡುವ ಧೈರ್ಯವನ್ನೂ, ಅವಳ ಮಾತಿಗೆ ಕಿವಿಗೊಡುವ ಅಭ್ಯಾಸವನ್ನೂ ಕೊಡಲಾರದು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಕಟ್ಟಡದ ಕೆಲಸಕ್ಕಾಗಿ ಬೆಂಗಳೂರಿಗೆ ಬರುವ ಕುಟುಂಬಗಳ ಮಕ್ಕಳು ಆ ಎಂಟು ವರ್ಷದ ಹುಡುಗನ ಸೋದರರೇ. ಅವರ ತಾಯಿ ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಸಭೆಯನ್ನು ಸಂಜೆಗೋ ಭಾನುವಾರಕ್ಕೋ ಇಡುವುದು, ಹೋದ ಕೂಲಿಯನ್ನು ತುಂಬಿಕೊಡುವುದು ಇವು ಸಣ್ಣ ವಿಷಯಗಳಂತೆ ಕಾಣುತ್ತವೆ. ಕೆಲಸ ಕೆಡುವುದೂ ಕೂಡುವುದೂ ಇಂತಹವುಗಳಿಂದಲೇ.

ವಿಶ್ವವಿದ್ಯಾನಿಲಯಗಳ ನೆರವು ಬೇಕಾಗಿರುವುದು ಇಲ್ಲಿ. ಮನಶ್ಶಾಸ್ತ್ರ, ಸಮಾಜಕಾರ್ಯ, ಶಿಕ್ಷಣಶಾಸ್ತ್ರಗಳ ವಿಭಾಗಗಳು ಒಟ್ಟುಗೂಡಿ ನೆರೆಯ ಎರಡು ಪಾಠಶಾಲೆಗಳನ್ನು ಆರಿಸಿಕೊಳ್ಳಲಿ. ಐದು ವರ್ಷಕ್ಕೆ ಕಡಮೆಯಿಲ್ಲದಂತೆ ಅಲ್ಲಿ ದುಡಿಯಲಿ. ಹಾಜರಿ, ಓದು, ಲೆಕ್ಕಗಳನ್ನು ಮೊದಲೇ ಅಳೆದು, ಅಂತಹವೇ ಬೇರೆ ಪಾಠಶಾಲೆಗಳೊಡನೆ ಹೋಲಿಸಿ, ಸೋಲಾದರೆ ಸೋಲನ್ನೂ ಪ್ರಕಟಿಸಲಿ. ತಮ್ಮಲ್ಲಿಯೇ ಅಧ್ಯಾಪಕರ ಕೊರತೆಯಿದೆಯೆಂದು ಅವು ಹೇಳಬಹುದು, ನಿಜ. ಆದರೆ ಕೋಮರರ ತಂಡವು ಆರಂಭದಲ್ಲಿ ನಾಲ್ವರದು. ಇದು ಶಿಕ್ಷಣ ಇಲಾಖೆಯ ಕೆಲಸವೆಂದೂ ಹೇಳಬಹುದು. ಪಾಠಶಾಲೆಯನ್ನು ನಡೆಸುವುದು ಇಲಾಖೆಯ ಕೆಲಸವೇ. ಮಕ್ಕಳು ಏಕೆ ಕಲಿಯಲಾರದೆ ಹೋಗುತ್ತಾರೆಂಬುದನ್ನು ಕಂಡುಹಿಡಿಯುವುದು ಸಂಶೋಧನೆ, ಮತ್ತು ಸಂಶೋಧನೆಯು ವಿಶ್ವವಿದ್ಯಾನಿಲಯದ ಕೆಲಸ.

ಬಡಕೇರಿಯ ತಾಯಿಯೂ ತೆರಿಗೆ ತೆರುತ್ತಾಳೆ. ಅವಳು ಕೊಳ್ಳುವ ಬೆಂಕಿಪೊಟ್ಟಣದಲ್ಲಿಯೂ ವಿಶ್ವವಿದ್ಯಾನಿಲಯಕ್ಕೆ ಸಲ್ಲುವ ಪಾಲು ಇದೆ. ಅವಳ ಮಗುವಿನ ಪಾಠಶಾಲೆಯು ಆ ವಿದ್ಯಾಮಂದಿರದ ಹೆಬ್ಬಾಗಿಲಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದರೂ ಇಬ್ಬರಿಗೂ ಪರಸ್ಪರ ಪರಿಚಯವಿಲ್ಲದಿರುವುದು ನಮಗೆ ಶೋಭೆಯಲ್ಲ. ಮೊದಲ ಹೆಜ್ಜೆಯನ್ನು ಇಡಬೇಕಾದವರು ಬಲ್ಲವರು.