ಹಳ್ಳಿಯವರ ಫೋಟೊ ಹೇಗಿರಬೇಕು ಅಂತ ಹೇಳುವವರು ಯಾರು?

ಮಳೆ ಕೈಕೊಟ್ಟರೆ ಸಾಕು, ಡೆಸ್ಕಿನಿಂದ ಫೋನ್ ಬರುತ್ತದೆ: ‘ಖಾಲಿ ಕೊಡ ಹೊತ್ತ ಹೆಂಗಸಿನ ಫೋಟೊ ಕಳಿಸಿ.’ ರೈತರ ಸುದ್ದಿಗೆ ಆಕಾಶ ನೋಡುವ ಮುದುಕ ಬೇಕು, ಹೆಗಲ ಮೇಲೆ ಟವೆಲ್ ಇದ್ದರೆ ಇನ್ನೂ ಒಳ್ಳೆಯದು. ಜೀನ್ಸ್ ಹಾಕಿಕೊಂಡು ಬೈಕಿನ ಮೇಲೆ ಕೂತವನು ರೈತನ ಹಾಗೆ ಕಾಣುವುದಿಲ್ಲವಂತೆ. ಜಿಲ್ಲೆಗಳಲ್ಲಿ ವರದಿ ಮಾಡುವ ನಮ್ಮಂಥವರಿಗೆಲ್ಲ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಈ ಆಟವನ್ನೇ ಬಯಲಿಗೆಳೆದ ಕಲಾವಿದೆಯೊಬ್ಬರು ಬೆಂಗಳೂರಿನಲ್ಲಿದ್ದಾರೆ. ಹೆಸರು ಎನ್. ಪುಷ್ಪಮಾಲಾ. ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. ಆಮೇಲೆ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಸರಣಿ ಮಾಡಿದರು. ಅಂದರೆ ದಕ್ಷಿಣ ಭಾರತದ ಹೆಂಗಸರು.

ನಮ್ಮ ದೇವರ ಕೋಣೆಯ ಕ್ಯಾಲೆಂಡರಿನಲ್ಲಿ ತಾವರೆ ಮೇಲೆ ನಿಂತಿರುತ್ತಾಳಲ್ಲ, ರವಿವರ್ಮನ ಲಕ್ಷ್ಮಿ, ಆ ವೇಷದಲ್ಲಿ ಪುಷ್ಪಮಾಲಾ ನಿಲ್ಲುತ್ತಾರೆ. ಇನ್ನೊಂದರಲ್ಲಿ ಪೊಲೀಸರ ಕೈಗೆ ಸಿಕ್ಕ ಹೆಂಗಸು, ಪೇಪರಿನಲ್ಲಿ ಬರುವ ಫೋಟೊದ ಹಾಗೇ. ಮತ್ತೊಂದರಲ್ಲಿ ಚೌಕುಳಿ ಗೆರೆಯ ಪರದೆ ಮುಂದೆ ನಿಂತ ಆದಿವಾಸಿ ಹೆಣ್ಣು. ಬ್ರಿಟಿಷರ ಕಾಲದಲ್ಲಿ ಹೀಗೆ ನಿಲ್ಲಿಸಿ, ಮೈಯಳತೆ ನೋಡಿ, ಇವರು ಇಂಥ ಜಾತಿ, ಇಂಥ ಬುಡಕಟ್ಟು ಅಂತ ಬರೆದುಕೊಳ್ಳುತ್ತಿದ್ದರು. ಆ ಹೆಣ್ಣಿನ ಹೆಸರು ಯಾರಿಗೂ ಬೇಕಿರಲಿಲ್ಲ.

ಮುಖ ಒಂದೇ. ವೇಷ, ಪರದೆ, ಬೆಳಕು ಬದಲಾದ ಕೂಡಲೇ ದೇವಿ, ಕಳ್ಳಿ, ಕಾಡಿನವಳು. ಇದನ್ನು ನೋಡಿ ಮೊದಲು ನಗು ಬರುತ್ತದೆ, ಆಮೇಲೆ ಕಸಿವಿಸಿ. ದೊಡ್ಡ ಗ್ಯಾಲರಿಗಳ ಕಲೆ ನಮಗ್ಯಾಕೆ ಅನ್ನಬೇಡಿ. ರೇಷನ್ ಕಾರ್ಡಿನಿಂದ ಹಿಡಿದು ಯೋಜನೆಯ ಫ್ಲೆಕ್ಸ್‌ವರೆಗೆ ಫೋಟೊ ತೆಗೆಸಿಕೊಳ್ಳುವವರು ನಾವು, ನೀವು. ಫ್ಲೆಕ್ಸಿನಲ್ಲಿ ನಗುವ ‘ಫಲಾನುಭವಿ’ ಯಾವ ಊರಿನವಳು ಅಂತ ಯಾರಾದರೂ ಕೇಳಿದ್ದೀರಾ?

ಅಳುವ ಫೋಟೊ ಬಂದರೆ ಪರಿಹಾರ ಬೇಗ ಬರುತ್ತದೆ ಎನ್ನುವವರಿದ್ದಾರೆ. ಕೆಲವು ಸಲ ನಿಜವೂ ಹೌದು, ಅಲ್ಲಗಳೆಯುವುದಿಲ್ಲ. ಆದರೆ ವರ್ಷಗಟ್ಟಲೆ ಬರೀ ಅಳುವ ಮುಖವೇ ಅಚ್ಚಾದರೆ, ಗ್ರಾಮ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹೆಂಗಸು ಓದುವವರ ಕಣ್ಣಿಗೆ ಜಗಳಗಂಟಿಯಾಗಿ ಕಾಣುತ್ತಾಳೆ. ನಷ್ಟ ಅವಳಿಗೇ.

ಹಾಗಾಗಿ ನಿಮ್ಮೂರಿಗೆ ನಾವು ಬರಲಿ, ಬೇರೆ ಯಾರೇ ಬರಲಿ, ಕ್ಯಾಮೆರಾ ಎತ್ತಿದ ಕೂಡಲೇ ಕೇಳಿ: ಯಾವ ಸುದ್ದಿಗೆ? ಕೆಳಗೆ ನನ್ನ ಹೆಸರು ಹಾಕ್ತೀರಾ? ತೆಗೆದದ್ದನ್ನು ತೋರಿಸಿ ಅನ್ನಿ. ಕೊಡ ಹಿಡಿದು ನಿಲ್ಲಿ ಅಂದರೆ, ಮನಸ್ಸಿಲ್ಲದಿದ್ದರೆ ಕೊಡ ಕೆಳಗಿಡಿ.