ಶಿಬಿರ ಬೀದರಿಗೂ ಬರಲಿ

ಠಾಣಾ ಕುಶನೂರ: ಮೊಬೈಲ್ ಇದ್ದವರೆಲ್ಲ ಫೋಟೋಗ್ರಾಫರ್ ಆದಮೇಲೆ ಸ್ಟುಡಿಯೋ ಹುಡುಗನ ಪಾಡೇನು? ಪಾಸ್‌ಪೋರ್ಟ್ ಸೈಜಿನ ಫೋಟೋದಿಂದ ಅಂಗಡಿ ಬಾಡಿಗೆ ಹುಟ್ಟದು. ಮದುವೆಗೆ ‘ಹೈದರಾಬಾದಿನವರನ್ನೇ ಕರಸೋಣ್ರಿ’ ಎಂಬ ಮಾತು ಬಂತೆಂದರೆ ಅವನ ಹಂಗಾಮೇ ಹೋಯಿತು.

ಕ್ಯಾಮೆರಾ ಸಾಲ ಮಾಡಿ ತರಬಹುದು. ಕೆಲಸ ಮಾತ್ರ ತಿಳಿದವರ ಪಕ್ಕ ನಿಂತೇ ಕಲಿಯಬೇಕು. ಬಿದ್ರಿ ಹೂಜಿಯನ್ನೇ ನೋಡಿ: ಕರಿ ಮೈ, ಮೇಲೆ ಬೆಳ್ಳಿ ಗೆರೆ. ನೇರ ಫ್ಲ್ಯಾಶ್ ಹೊಡೆದರೆ ಬೆಳ್ಳಿ ಬಿಳಿಚಿಕೊಂಡು ಕುಸುರಿಯೇ ಅಳಿಸಿಹೋಗುತ್ತದೆ. ಕಿಟಕಿ ಬೆಳಕಿಗೆ ತೆಳು ಬಿಳಿ ಬಟ್ಟೆ ಅಡ್ಡ ಕಟ್ಟಿದರೆ ಗೆರೆ ಗೆರೆಯೂ ಕಾಣುತ್ತದೆ. ಇದನ್ನು ತೋರಿಸಲು ಅರ್ಧ ಗಂಟೆ ಸಾಕು. ತೋರಿಸುವವರು ಬೇಕಲ್ಲ!

ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಕಾರ್ಯಾಗಾರ ನಡೆಸುತ್ತ ಬಂದಿವೆ. ಆದರೆ ರಾತ್ರಿಯಿಡೀ ರೈಲು, ಮೂರು ದಿನ ಅಂಗಡಿ ಬಂದ್, ಯಾರಿಂದ ಆಗ್ತದ್ರಿ?

ಬೀದರಿನಲ್ಲೇ ವರ್ಷಕ್ಕೊಂದು ಶಿಬಿರ ನಡೆಯಲಿ. 1472ರ ಮಹಮೂದ್ ಗವಾನ್ ಮದರಸಾ ಇದೆ, ಬಯಲಲ್ಲಿ ಕೃಷ್ಣಮೃಗ ಇದೆ. ಪಾಠಕ್ಕೆ ಇನ್ನೇನು ಬೇಕು? ಜಿಲ್ಲಾಡಳಿತ ಜಾಗ ಕೊಟ್ಟು ಶುಲ್ಕ ಹಗುರ ಮಾಡಲಿ. ಮದುವೆಗಳಿಲ್ಲದ ಆಷಾಢದಲ್ಲಿ ಇಟ್ಟರೆ ಕುಶನೂರ, ಔರಾದ್, ಭಾಲ್ಕಿಯ ಹುಡುಗರು ಬೆಳಿಗ್ಗೆ ಬಸ್ ಹತ್ತಿ ಸಂಜೆಗೆ ಮನೆ ಸೇರಿಯಾರು.